ಚಂಡಮಾರುತ ಮತ್ತು ಅಭಯದಾನದ ಖಾತೆ

ಮುಂಬಯಿಯಲ್ಲಿರುವ ನಮ್ಮ ಸಮಾಜದ ಒಂದು ದತ್ತಿಸಂಸ್ಥೆಯ ಲೆಕ್ಕಪತ್ರಗಳನ್ನು ನಾನು ಹಲವು ವರ್ಷಗಳಿಂದ ಗೌರವಾರ್ಥವಾಗಿ ನೋಡಿಕೊಡುತ್ತಿದ್ದೇನೆ. 2021ರ ಮಳೆಗಾಲದಲ್ಲಿ ಹಿಂದಿನ ಸಾಲಿನ ಕಡತವನ್ನೂ ಚಾಲ್ತಿ ಸಾಲಿನ ಕಡತವನ್ನೂ ಎದುರಿಗಿಟ್ಟುಕೊಂಡು ಕುಳಿತಿದ್ದಾಗ ಎರಡು ವೋಚರುಗಳು ಕಣ್ಣಿಗೆ ಬಿದ್ದವು. ಒಂದು 2020ರ ಜೂನ್ ತಿಂಗಳದ್ದು. ರಾಯಗಡ ಜಿಲ್ಲೆಯ ಕಡಲಂಚಿನ ಒಂದು ಹಳ್ಳಿಗೆ ತಾಡಪತ್ರಿ, ಚಾದರ, ಅಕ್ಕಿ, ಬೇಳೆ, ಮೇಣದಬತ್ತಿ. ಇನ್ನೊಂದು 2021ರ ಮೇ ಕೊನೆಯ ವಾರದ್ದು. ಅದೇ ಹಳ್ಳಿ, ಅದೇ ತಾಡಪತ್ರಿ, ಅದೇ ಚಾದರ, ಸರಬರಾಜು ಮಾಡಿದ ಅಂಗಡಿಯೂ ಅದೇ. ನನಗೆ ಮೊದಲು ಬಂದ ಸಂಶಯ ನನ್ನ ವೃತ್ತಿಗೆ ಸಹಜವಾದದ್ದು: ಒಂದೇ ಬಿಲ್ಲಿಗೆ ಎರಡು ಸಲ ಹಣ ಸಂದಾಯವಾಗಿದೆಯೇ?

ವಿಚಾರಿಸಿದೆ. ಹಾಗೇನೂ ಆಗಿರಲಿಲ್ಲ. 2020ರ ಜೂನ್ 3ರಂದು ಅಲಿಬಾಗಿನ ದಕ್ಷಿಣಕ್ಕೆ ನೆಲ ಮುಟ್ಟಿದ ನಿಸರ್ಗ ಚಂಡಮಾರುತವು ಆ ಹಳ್ಳಿಯ ಮನೆಗಳ ಮೇಲ್ಛಾವಣಿಯನ್ನೂ ಶಾಲೆಯ ತಗಡನ್ನೂ ಹಾರಿಸಿತ್ತು. ಮರುವರ್ಷದ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಹೊಸದಾಗಿ ಹೊದಿಸಿದ್ದ ಅದೇ ತಗಡು ಮತ್ತೆ ಹಾರಿತು. ನಮ್ಮ ಸ್ವಯಂಸೇವಕರು ಎರಡು ಸಲವೂ ಪ್ರಾಮಾಣಿಕವಾಗಿ, ಹಗಲುರಾತ್ರಿ ದುಡಿದು, ಸಾಮಗ್ರಿ ತಲುಪಿಸಿದ್ದರು. ಲೆಕ್ಕದಲ್ಲಿ ಒಂದು ರೂಪಾಯಿಯ ದೋಷವಿರಲಿಲ್ಲ. ಹಾಗಿದ್ದರೂ ಆ ಎರಡು ವೋಚರುಗಳ ನಡುವಿನ ಹನ್ನೊಂದು ತಿಂಗಳು ನನ್ನನ್ನು ಕಾಡತೊಡಗಿತು. ಆ ಹನ್ನೊಂದು ತಿಂಗಳಲ್ಲಿ ಆ ಹಳ್ಳಿಯ ಹೆಸರಿನಲ್ಲಿ ನಮ್ಮ ಪುಸ್ತಕದಲ್ಲಿ ಒಂದೇ ಒಂದು ನಮೂದು ಇರಲಿಲ್ಲ. ಗಾಳಿ ನಿಂತೊಡನೆ ನಮ್ಮ ದಾನವೂ ನಿಂತಿತ್ತು. ಗಾಳಿ ಮತ್ತೆ ಎದ್ದಾಗಲೇ ಅದೂ ಎದ್ದಿತು.

ಚಂಡಮಾರುತ ಎಂದರೇನೆಂಬುದನ್ನು ನಗರದ ನಾವು ಬಹುಮಟ್ಟಿಗೆ ದೂರದರ್ಶನದ ಪರದೆಯ ಮೇಲೆ ಬಾಗುವ ತೆಂಗಿನ ಮರಗಳಿಂದ ತಿಳಿದಿದ್ದೇವೆ. ಅಟ್ಲಾಂಟಿಕ್ ಸಾಗರದಲ್ಲಿ ಹರಿಕೇನ್, ಚೀನಾ-ಜಪಾನುಗಳ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್: ಹೆಸರು ಮೂರಾದರೂ ವಸ್ತು ಒಂದೇ. ಸಮುದ್ರದ ಮೇಲ್ಪದರದ ನೀರು ಸುಮಾರು 27 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬೆಚ್ಚಗಾದಾಗ ಅದರಿಂದ ಏಳುವ ಆವಿಯೇ ಈ ಯಂತ್ರಕ್ಕೆ ಇಂಧನ. ನಮ್ಮ ಹವಾಮಾನ ಇಲಾಖೆಯು ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ತಲುಪಿದಾಗ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. 222 ದಾಟಿದರೆ ಅದು ಸೂಪರ್ ಸೈಕ್ಲೋನ್.

ಇಲ್ಲಿ ಒಂದು ಅಂಕಗಣಿತವನ್ನು ಓದುಗರು ಗಮನಿಸಬೇಕು. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಮುಮ್ಮಡಿಯಾದರೆ ಒಂಬತ್ತು ಪಟ್ಟು. ಗಂಟೆಗೆ 60 ಕಿಲೋಮೀಟರ್ ಗಾಳಿಯನ್ನು ಸುಖವಾಗಿ ತಡೆದ ಛಾವಣಿ 120ರಲ್ಲಿ ನಾಲ್ಕು ಪಟ್ಟು ಭಾರವನ್ನು ಎದುರಿಸಬೇಕು. ಅದೂ ಮೇಲಿನಿಂದ ಒತ್ತುವ ಭಾರವಲ್ಲ. ಇಳಿಜಾರು ಛಾವಣಿಯ ಮೇಲೆ ಹಾಯುವ ಗಾಳಿ ತಗಡನ್ನು ಮೇಲಕ್ಕೆ ಹೀರುತ್ತದೆ. ಮೊದಲು ಅಂಚು ಏಳುತ್ತದೆ, ಒಂದು ಮೊಳೆ ಕಿತ್ತುಬರುತ್ತದೆ, ಅದರ ಭಾರ ಪಕ್ಕದ ಮೊಳೆಗೆ ಬೀಳುತ್ತದೆ, ಬಳಿಕ ಇಡೀ ಸಾಲು. ಒಂದು ಶಾಲೆಯ ಛಾವಣಿ ಉಳಿಯುವುದೋ ಹೋಗುವುದೋ ಎಂಬುದನ್ನು ಹಲವು ಸಲ ನಿರ್ಧರಿಸುವುದು ಕೆಲವು ನೂರು ಬೋಲ್ಟುಗಳು ಮತ್ತು ಅವುಗಳ ನಡುವಿನ ಅಂತರ. ಹಾರಿಹೋದ ತಗಡು ಬೀದಿಯಲ್ಲಿ ಕತ್ತಿಯಂತೆ ತಿರುಗುತ್ತದೆ ಎಂಬುದು ಬೇರೆ ಮಾತು.

ಆದರೆ ಇತಿಹಾಸದಲ್ಲಿ ಚಂಡಮಾರುತಗಳು ಕೊಂದದ್ದು ಗಾಳಿಗಿಂತ ಹೆಚ್ಚಾಗಿ ನೀರಿನಿಂದ. ಗಾಳಿಯು ಸಮುದ್ರವನ್ನು ತಳ್ಳಿಕೊಂಡು ದಡಕ್ಕೆ ತರುತ್ತದೆ. ಬಂಗಾಳ ಕೊಲ್ಲಿಯ ಉತ್ತರ ಭಾಗ ಆಳವಿಲ್ಲದ್ದು, ಆಲಿಕೆಯಂತೆ ಕಿರಿದಾಗುತ್ತ ಹೋಗುವಂಥದು. ಅಲ್ಲಿ ತಳ್ಳಲ್ಪಟ್ಟ ನೀರಿಗೆ ಮೇಲೇರದೆ ಬೇರೆ ದಾರಿಯಿಲ್ಲ. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಭೋಲಾ ಪ್ರದೇಶದಲ್ಲಿ ಹೀಗೆ ಏರಿದ ಸಮುದ್ರ ಕಡಿಮೆಯೆಂದರೂ ಮೂರು ಲಕ್ಷ ಜನರನ್ನು ನುಂಗಿತು. ಪಶ್ಚಿಮದ ಸರ್ಕಾರ ಪರಿಹಾರದಲ್ಲಿ ತೋರಿದ ಉದಾಸೀನಕ್ಕೆ ಮುಂದಿನ ತಿಂಗಳ ಚುನಾವಣೆಯಲ್ಲಿ ಉತ್ತರ ದೊರಕಿತು. ಆ ಪ್ರಾಂತದ ಎರಡು ಸ್ಥಾನಗಳನ್ನು ಬಿಟ್ಟು ಉಳಿದೆಲ್ಲವೂ ಅವಾಮಿ ಲೀಗಿನ ಪಾಲಾದವು. ಒಂದು ದೇಶ ಒಡೆದದ್ದಕ್ಕೆ ಕಾರಣಗಳು ಅನೇಕ. ಅವುಗಳಲ್ಲಿ ಒಂದು ಚಂಡಮಾರುತವೂ ಇದೆ. ಹೈದರಾಬಾದಿನ ಹಿರಿಯ ಓದುಗರಿಗೆ 1977ರ ದಿವಿಸೀಮೆಯ ಉಪ್ಪೆನ ನೆನಪಿರಬಹುದು. ಚೆನ್ನೈಯವರಿಗೆ 1964ರ ಡಿಸೆಂಬರಿನಲ್ಲಿ ರೈಲುಗಾಡಿಯ ಸಮೇತ ಅಳಿಸಿಹೋದ ಧನುಷ್ಕೋಡಿ.

ನನ್ನ ತಲೆಮಾರಿಗೆ ಅಂಥ ನೆನಪು 1999ರ ಅಕ್ಟೋಬರ್ 29. ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದ ಗಾಳಿಯೊಡನೆ ಸೂಪರ್ ಸೈಕ್ಲೋನ್ ಪಾರಾದೀಪದ ಬಳಿ ಒಡಿಶಾವನ್ನು ಹೊಕ್ಕಿತು. ಜಗತ್‌ಸಿಂಗಪುರ ಜಿಲ್ಲೆಯ ಎರ್ಸಮಾ ಭಾಗದಲ್ಲಿ ಸಮುದ್ರ ಊರುಗಳ ಮೇಲೆ ಹಾದುಹೋಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ, ಜಾನುವಾರುಗಳು ಲಕ್ಷಗಟ್ಟಲೆ. ಮುನ್ಸೂಚನೆ ಇರಲಿಲ್ಲವೆಂದಲ್ಲ. ಸೂಚನೆ ಕೇಳಿದವನು ಓಡಿ ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರವಿರಲಿಲ್ಲ. ಅಷ್ಟು ಉದ್ದದ ಕರಾವಳಿಯಲ್ಲಿ ಗಟ್ಟಿಯಾದ ಆಶ್ರಯಕಟ್ಟಡಗಳು ಬೆರಳೆಣಿಕೆಯಷ್ಟಿದ್ದವು. ಆಗ ನಾನು ಸಿ.ಎ. ಪರೀಕ್ಷೆಗೆ ಓದುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಹಳೆಯ ಬಟ್ಟೆ ಸಂಗ್ರಹಿಸಿ ಮೂಟೆ ಕಟ್ಟಿದ್ದೆವು. ಆ ಬಟ್ಟೆಗಳಲ್ಲಿ ಎಷ್ಟು ಉಡಲು ಯೋಗ್ಯವಾಗಿದ್ದವು ಎಂಬುದನ್ನು ಈಗ ನೆನೆದರೆ ಸಂಕೋಚವಾಗುತ್ತದೆ.

ಅದೇ ಒಡಿಶಾ ಮುಂದೆ ಮಾಡಿದ್ದನ್ನು ದೇಶದ ಪ್ರತಿಯೊಂದು ಸಂಸ್ಥೆಯೂ ಕುಳಿತು ಓದಬೇಕು. ದುರಂತವಾದ ಎರಡೇ ತಿಂಗಳಲ್ಲಿ ರಾಜ್ಯವು ವಿಪತ್ತು ನಿರ್ವಹಣೆಗೆಂದೇ ಒಂದು ಪ್ರಾಧಿಕಾರವನ್ನು ಸ್ಥಾಪಿಸಿತು. ಇದಕ್ಕಾಗಿ ಕೇಂದ್ರದ ಕಾಯಿದೆ ಬರುವುದು ಇನ್ನೂ ಆರು ವರ್ಷ ದೂರವಿತ್ತು. ಬಳಿಕ ಎಂಟುನೂರಕ್ಕೂ ಹೆಚ್ಚು ಆಶ್ರಯಕಟ್ಟಡಗಳು ಕಂಬಗಳ ಮೇಲೆ ಎದ್ದವು. ಗಾಳಿಯಿಲ್ಲದ ದಿನಗಳಲ್ಲಿ ಅವುಗಳಲ್ಲಿ ಹಲವು ಶಾಲೆಗಳಾಗಿ, ಸಭಾಮಂದಿರಗಳಾಗಿ ಬಳಕೆಯಾಗುತ್ತವೆ. ಆದ್ದರಿಂದ ಬಾಗಿಲ ಕೀಲಿ ತುಕ್ಕು ಹಿಡಿಯುವುದಿಲ್ಲ. ಪ್ರತಿಯೊಂದಕ್ಕೂ ಊರಿನವರದೇ ಸಮಿತಿ, ತರಬೇತಾದ ಯುವಕ-ಯುವತಿಯರು, ಆಗಾಗ ಅಣಕು ಕವಾಯತು. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಅಪ್ಪಳಿಸಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸ್ಥಳಾಂತರಿಸಲಾಗಿತ್ತು. ಸಾವು ಹತ್ತಾರು ಸಂಖ್ಯೆಗೆ ನಿಂತಿತು. 2019ರ ಮೇ 3ರಂದು ಫನಿ ಪುರಿಯನ್ನು ಹೊಕ್ಕಾಗ ಸ್ಥಳಾಂತರಗೊಂಡವರು ಸುಮಾರು 12 ಲಕ್ಷ; ರಾಜ್ಯದಲ್ಲಿ ಮೃತರು 64. ಅರವತ್ತನಾಲ್ಕು ಮನೆಗಳ ದುಃಖವನ್ನು ನಾನು ಲಘುವಾಗಿ ಎಣಿಸುತ್ತಿಲ್ಲ. ಹತ್ತು ಸಾವಿರದ ಪಕ್ಕದಲ್ಲಿ ಆ ಅಂಕಿಯನ್ನು ಬರೆದಾಗ ನಡುವೆ ಕಾಣುವ ವ್ಯತ್ಯಾಸವು ಗಾಳಿಯ ಕರುಣೆಯಲ್ಲ. ಅದು ಗಾಳಿ ಬರುವ ಮೊದಲು ಖರ್ಚಾದ ಹಣ.

ಈ ಜಮೆಯ ಎದುರಿಗೆ ಖರ್ಚಿನ ಬದಿಯನ್ನೂ ನೋಡಬೇಕು. ಫನಿಯಿಂದ ಒಡಿಶಾಕ್ಕೆ ಆದ ಹಾನಿ ಮತ್ತು ನಷ್ಟವನ್ನು ಅಂತರರಾಷ್ಟ್ರೀಯ ಸಂಸ್ಥೆಗಳೊಡನೆ ಕೂಡಿ ಅಂದಾಜು ಮಾಡಿದಾಗ ಬಂದ ಮೊತ್ತ ಸುಮಾರು 24 ಸಾವಿರ ಕೋಟಿ ರೂಪಾಯಿ. ಜೀವ ಉಳಿದವನ ಮನೆ, ದೋಣಿ, ಬಲೆ, ತೆಂಗಿನ ತೋಟ ಉಳಿದಿರಲಿಲ್ಲ. ನೆಟ್ಟ ತೆಂಗು ಫಲಕ್ಕೆ ಬರಲು ಐದಾರು ವರ್ಷವಾದರೂ ಬೇಕು. ನಿಸರ್ಗದಲ್ಲಿ ಶ್ರೀವರ್ಧನ, ದಿವೇಆಗರ ಭಾಗದ ಅಡಿಕೆ ತೋಟಗಳಿಗೂ ಇದೇ ಗತಿಯಾಯಿತು. ಪರಿಹಾರದ ಕಿಟ್ಟು ಹದಿನೈದು ದಿನದ ಅಕ್ಕಿಯನ್ನು ಕೊಡುತ್ತದೆ. ತೋಟ ಕಳೆದುಕೊಂಡವನು ಆರು ವರ್ಷ ಏನು ಮಾಡಬೇಕೆಂದು ಅದು ಕೇಳುವುದಿಲ್ಲ.

ಮುನ್ಸೂಚನೆಯೊಂದೇ ಸಾಲದೆಂಬುದಕ್ಕೆ ಮುಂಬಯಿಯವರಾದ ನಾವು ದೂರ ಹೋಗಬೇಕಾಗಿಲ್ಲ. 2021ರ ಮೇ 17ರಂದು ತೌಕ್ತೆ ನಮ್ಮ ಕಡಲಾಚೆ ಉತ್ತರಕ್ಕೆ ಸಾಗುತ್ತಿತ್ತು. ನಗರದಲ್ಲಿ ಗಂಟೆಗೆ 114 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಎರಡು ದಿನ ಮೊದಲು ಅದೇ ಚಂಡಮಾರುತ ಕರ್ನಾಟಕದ ಕರಾವಳಿಯನ್ನು ಸವರಿಕೊಂಡು ಬಂದಿತ್ತು. ಉಳ್ಳಾಲದಲ್ಲಿ ಕಡಲ್ಕೊರೆತವಾದ ಚಿತ್ರಗಳನ್ನು ಊರಿನವರು ನಮಗೆಲ್ಲ ಕಳುಹಿಸಿದ್ದರು. ಅದರ ದಾರಿ ಎಲ್ಲರಿಗೂ ತಿಳಿದಿತ್ತು. ಹವಾಮಾನ ಇಲಾಖೆಯ ಎಚ್ಚರಿಕೆ ದಿನಗಳ ಮೊದಲೇ ಹೊರಟಿತ್ತು. ಹೀಗಿದ್ದೂ ಬಾಂಬೆ ಹೈ ತೈಲಕ್ಷೇತ್ರದ ಪಿ-305 ಎಂಬ ಬಾರ್ಜಿನಲ್ಲಿ 261 ಮಂದಿ ಉಳಿದುಕೊಂಡಿದ್ದರು. ತನ್ನದೇ ಎಂಜಿನ್ನಿಲ್ಲದ, ಕೆಲಸಗಾರರು ವಾಸಿಸುವ ತೇಲುವ ಕಟ್ಟೆ ಅದು. ಲಂಗರುಗಳು ಕಿತ್ತುಹೋದವು, ಬಾರ್ಜು ತೇಲಿ ಸಂಜೆಯ ಹೊತ್ತಿಗೆ ಮುಳುಗಿತು. ನೌಕಾಪಡೆಯವರು ರಾತ್ರಿಯಿಡೀ ಆ ಅಲೆಗಳ ನಡುವೆ ಬಹಳಷ್ಟು ಜನರನ್ನು ಎತ್ತಿದರು. ಆದರೂ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಎಚ್ಚರಿಕೆ ಇತ್ತು, ದಡವೂ ಕೆಲವು ಗಂಟೆಗಳ ದೂರದಲ್ಲಿತ್ತು. ಕೆಲಸ ನಿಲ್ಲಿಸಿ ಜನರನ್ನು ದಡಕ್ಕೆ ತರುವುದಕ್ಕೆ ಒಂದು ವೆಚ್ಚವಿದೆ, ಗಾಳಿ ದಾರಿ ಬದಲಿಸಿದರೆ ಆ ವೆಚ್ಚ ದಂಡವೆಂದು ಲೆಕ್ಕಕ್ಕೆ ಬರುತ್ತದೆ. ಆ ದಂಡವನ್ನು ಹೊರಲು ಸಿದ್ಧರಿಲ್ಲದ ಕಡೆ ಎಚ್ಚರಿಕೆಯ ಸಂದೇಶ ಬರಿಯ ಕಾಗದ. 2017ರ ಓಖಿಯಲ್ಲಿ ಕೇರಳ-ಕನ್ಯಾಕುಮಾರಿಯ ಮೀನುಗಾರರಿಗೆ ಇದಕ್ಕೆ ವಿರುದ್ಧವಾದ ಅನುಭವವಾಯಿತು; ಆಳಸಮುದ್ರದಲ್ಲಿದ್ದವರಿಗೆ ಸೂಚನೆಯೇ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ.

ಇನ್ನು ಸರ್ಕಾರದ ಖಜಾನೆಯ ಮಾತು. 2005ರ ವಿಪತ್ತು ನಿರ್ವಹಣಾ ಕಾಯಿದೆಯು ಎರಡು ಬಗೆಯ ನಿಧಿಗಳನ್ನು ಹೇಳಿತು: ಅನಾಹುತವಾದ ಮೇಲೆ ಸ್ಪಂದಿಸಲು ಒಂದು, ಅನಾಹುತವನ್ನು ಮೊದಲೇ ತಗ್ಗಿಸಲು ಇನ್ನೊಂದು. ಮೊದಲನೆಯದು ಬೇಗನೆ ಚಾಲನೆಗೆ ಬಂತು. ಎರಡನೆಯದಾದ ರಾಷ್ಟ್ರೀಯ ವಿಪತ್ತು ಉಪಶಮನ ನಿಧಿ ರಚನೆಯಾದದ್ದು 2021ರ ಫೆಬ್ರವರಿಯಲ್ಲಿ. ಕಾಯಿದೆಯಲ್ಲಿ ಬರೆದ ಒಂದು ವಾಕ್ಯ ಕೈಗೂಡಲು ಹದಿನೈದು ವರ್ಷ ಮೀರಿತು. ಈ ಅವಧಿಯಲ್ಲಿ ದೆಹಲಿಯಲ್ಲಿ ಎರಡೂ ಮುಖ್ಯ ಪಕ್ಷಗಳು ಅಧಿಕಾರದಲ್ಲಿದ್ದವು. ಆದ್ದರಿಂದ ಈ ಲೋಪವನ್ನು ಯಾವ ಒಂದು ಪಕ್ಷದ ಮೇಲೂ ಹಾಕಿ ನಾವು ಹಗುರಾಗುವಂತಿಲ್ಲ. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಐದು ವರ್ಷಗಳಿಗೆ ರಾಜ್ಯಗಳ ವಿಪತ್ತು ನಿಧಿಗಳಿಗಾಗಿ ಸುಮಾರು 1.6 ಲಕ್ಷ ಕೋಟಿ ರೂಪಾಯಿಗಳನ್ನು ಸೂಚಿಸಿ, ಅದರಲ್ಲಿ ಶೇಕಡಾ 80 ಭಾಗವನ್ನು ಸ್ಪಂದನೆಗೂ ಶೇಕಡಾ 20 ಭಾಗವನ್ನು ಉಪಶಮನಕ್ಕೂ ಹಂಚಿತು. ಉಪಶಮನಕ್ಕೆ ಒಂದು ಪಾಲು ಲಿಖಿತವಾಗಿ ದೊರೆತದ್ದು ದೊಡ್ಡ ಸುಧಾರಣೆಯೇ. ಆದರೂ ಪ್ರತಿ ಐದು ರೂಪಾಯಿಯಲ್ಲಿ ನಾಲ್ಕು ರೂಪಾಯಿ ಸ್ಪಂದನೆಯ ಕಡೆಗೇ ವಾಲಿದೆ.

ರಾಜಕಾರಣಿಗಳು ಹೀಗೇಕೆ ಮಾಡುತ್ತಾರೆ ಎಂದರೆ ನಾವು ಅವರಿಗೆ ಹೀಗೆ ಕಲಿಸಿದ್ದೇವೆ. ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ ಎಂಬ ಇಬ್ಬರು ವಿದ್ವಾಂಸರು ಅಮೆರಿಕದ ಚುನಾವಣೆಗಳನ್ನು ಪರಿಶೀಲಿಸಿ 2009ರಲ್ಲಿ ಒಂದು ಲೇಖನ ಪ್ರಕಟಿಸಿದರು. ವಿಪತ್ತಿನ ನಂತರ ಪರಿಹಾರ ಹಂಚಿದ ಆಳುವ ಪಕ್ಷಕ್ಕೆ ಮತದಾರರು ಬಹುಮಾನ ಕೊಡುತ್ತಾರೆ, ವಿಪತ್ತಿಗೆ ಮುಂಚೆ ಸಿದ್ಧತೆಗೆ ಖರ್ಚು ಮಾಡಿದ್ದಕ್ಕೆ ಏನೂ ಕೊಡುವುದಿಲ್ಲ ಎಂಬುದು ಅವರ ಶೋಧ. ಸಿದ್ಧತೆಯ ಒಂದು ಡಾಲರು ಮುಂದಿನ ಹಾನಿಯಲ್ಲಿ ಸುಮಾರು ಹದಿನೈದು ಡಾಲರುಗಳನ್ನು ಉಳಿಸುತ್ತದೆಂದೂ ಅವರೇ ಅಂದಾಜು ಮಾಡಿದ್ದಾರೆ. 2005ರಲ್ಲಿ ಕತ್ರಿನಾ ನ್ಯೂ ಆರ್ಲಿಯನ್ಸನ್ನು ಮುಳುಗಿಸುವುದಕ್ಕೆ ಒಂದು ವರ್ಷ ಮೊದಲೇ ಅಲ್ಲಿನ ಅಧಿಕಾರಿಗಳು ಪ್ಯಾಮ್ ಎಂಬ ಕಾಲ್ಪನಿಕ ಹರಿಕೇನನ್ನು ಇಟ್ಟುಕೊಂಡು ಅಂಥದೇ ದುರಂತದ ಅಣಕು ಅಭ್ಯಾಸ ನಡೆಸಿದ್ದರು. ನಡೆಯಲಿರುವುದು ಬಹುಮಟ್ಟಿಗೆ ಅವರ ಕಾಗದದಲ್ಲಿತ್ತು. ಕಡ್ಡಾಯ ತೆರವಿನ ಆದೇಶ ಬಂದದ್ದು ಮಾತ್ರ ಗಾಳಿ ಬರುವ ಹಿಂದಿನ ದಿನ, ಕಾರಿಲ್ಲದ ಬಡವರು ಉಳಿದುಬಿಟ್ಟರು, ಸತ್ತವರು ಸಾವಿರಕ್ಕೂ ಹೆಚ್ಚು. ಜಗತ್ತಿನ ಅತಿ ಶ್ರೀಮಂತ ದೇಶದ ಕಥೆ ಇದು. ನಮ್ಮಲ್ಲಿಯೂ ಮಂತ್ರಿಗಳ ವೈಮಾನಿಕ ಸಮೀಕ್ಷೆಯ ಚಿತ್ರ ಮುಖಪುಟದಲ್ಲಿ ಬರುತ್ತದೆ. ಬೋಲ್ಟು ಬಿಗಿಸಿದ ಕಿರಿಯ ಎಂಜಿನಿಯರನ ಚಿತ್ರ ಎಲ್ಲಿಯೂ ಬರುವುದಿಲ್ಲ. ವಿಪತ್ತಿನ ನಂತರದ ಹಣಕ್ಕಾಗಿ ರಾಜ್ಯಗಳು ಕೇಂದ್ರದೊಡನೆ ಸುಪ್ರೀಂ ಕೋರ್ಟಿನವರೆಗೆ ಹೋರಾಡುತ್ತವೆ. 2024ರಲ್ಲಿ ಕರ್ನಾಟಕವು ಬರಪರಿಹಾರಕ್ಕಾಗಿ, ತಮಿಳುನಾಡು ಚಂಡಮಾರುತ ಮತ್ತು ನೆರೆಯ ಪರಿಹಾರಕ್ಕಾಗಿ ಹೋದವು. ಅವುಗಳ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಉಪಶಮನದ ಹಣ ಸಾಲದೆಂದು ಯಾವ ರಾಜ್ಯವಾದರೂ ಅಷ್ಟೇ ಆವೇಶದಿಂದ ವ್ಯಾಜ್ಯ ಹೂಡಿದ್ದನ್ನು ನಾನು ಕಂಡಿಲ್ಲ.

ಸರ್ಕಾರದ ಕಡೆಗೆ ಬೆರಳು ತೋರಿಸಿದ್ದಾಯಿತು. ಈಗ ನಮ್ಮ ಪುಸ್ತಕ. ದಾನವು ನಾಲ್ಕು ಬಗೆಯೆಂದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು: ಆಹಾರ, ಅಭಯ, ಭೈಷಜ್ಯ, ಶಾಸ್ತ್ರ. ಕನ್ನಡ ನಾಡಿನ ಎಷ್ಟೋ ಶಾಸನಗಳು ಈ ನಾಲ್ಕನ್ನು ನೀಡಿದವರನ್ನು ಕೊಂಡಾಡಿವೆ. ಚಂಡಮಾರುತದ ಸಂದರ್ಭದಲ್ಲಿ ನಮ್ಮ ಸಮಾಜದ ಆಹಾರದಾನ ನಿಜಕ್ಕೂ ಹೆಮ್ಮೆಪಡುವಂಥದು. ಭೈಷಜ್ಯದಾನವೂ ಹಿಂದೆ ಬಿದ್ದಿಲ್ಲ. ಅಭಯದಾನವನ್ನು ಮಾತ್ರ ನಾವು ಕಟುಕನಿಂದ ಪಶುಗಳನ್ನು ಬಿಡಿಸುವುದಕ್ಕೆ ಸೀಮಿತಗೊಳಿಸಿಕೊಂಡಂತಿದೆ. ಅದು ಪವಿತ್ರವಾದ ಕಾರ್ಯವೇ. ಆದರೆ ಸಮುದ್ರ ಏರುತ್ತಿರುವ ರಾತ್ರಿ ಒಂದು ತಾಯಿಗೆ, ಅವಳ ಮಕ್ಕಳಿಗೆ, ಅವಳ ಆಕಳಿಗೆ ಭಯವಿಲ್ಲದೆ ನಿಲ್ಲಲು ನಾಲ್ಕು ಗಜ ಎತ್ತರದ ಜಾಗ ಕೊಡುವುದು ಅಭಯದಾನವಲ್ಲವೇ?

ಆಕಳ ಮಾತನ್ನು ಬೇಕೆಂದೇ ತೆಗೆದೆ. ಸ್ಥಳಾಂತರದ ಸೂಚನೆ ಬಂದರೂ ಬಡವರು ಮನೆ ಬಿಡಲು ಹಿಂಜರಿಯುವುದಕ್ಕೆ ದನಕರುಗಳು ಒಂದು ಮುಖ್ಯ ಕಾರಣ. ಕಟ್ಟಿದ ಹಗ್ಗವನ್ನು ಬಿಚ್ಚಲು ಮರೆತರೆ ಪಶು ನಿಂತಲ್ಲಿಯೇ ಮುಳುಗುತ್ತದೆ. ಬಿಚ್ಚಿ ಹೋದರೆ ಅದು ಮರಳಿ ಸಿಗುವ ಭರವಸೆಯಿಲ್ಲ. ಬಾಂಗ್ಲಾದೇಶದಲ್ಲಿ ಇದಕ್ಕಾಗಿಯೇ ಮಣ್ಣು ಏರಿಸಿ ಎತ್ತರದ ದಿಬ್ಬಗಳನ್ನು ಮಾಡುತ್ತಾರೆ. ಅವಕ್ಕೆ ಕಿಲ್ಲಾ ಎಂದು ಹೆಸರು. ನೀರು ಏರಿದಾಗ ಜಾನುವಾರುಗಳು ಅಲ್ಲಿ, ಜನ ಪಕ್ಕದ ಆಶ್ರಯದಲ್ಲಿ. ಗೋಶಾಲೆಗಳಿಗೆ, ಪಾಂಜರಪೋಳಗಳಿಗೆ ವರ್ಷವಿಡೀ ಉದಾರವಾಗಿ ಕೊಡುವ ನಮ್ಮ ಟ್ರಸ್ಟುಗಳಿಗೆ ಇಂಥ ಒಂದು ಮಣ್ಣಿನ ದಿಬ್ಬದ ಕಲ್ಪನೆ ಇನ್ನೂ ಬಂದಿಲ್ಲ. ಕಾರಣವನ್ನು ನಾನು ಊಹಿಸಬಲ್ಲೆ. ದಿಬ್ಬಕ್ಕೆ ಅಮೃತಶಿಲೆಯ ಫಲಕ ಹೊಂದುವುದಿಲ್ಲ. ಕಲಶಕ್ಕೆ ಸವಾಲು ಕೂಗುವವರಿದ್ದಾರೆ, ಮೊದಲ ಆರತಿಗೆ ಕೂಗುವವರಿದ್ದಾರೆ. ಶಾಲೆಯ ಛಾವಣಿಯ ಬೋಲ್ಟಿಗೆ ಸವಾಲು ಕೂಗಿದವರನ್ನು ಕಂಡವರುಂಟೇ? ಪರಿಹಾರ ಪಡೆದವನ ಕೃತಜ್ಞತೆ ಛಾಯಾಚಿತ್ರದಲ್ಲಿ ಕಾಣುತ್ತದೆ. ಹಾರದೆ ಉಳಿದ ಛಾವಣಿಯ ಚಿತ್ರ ತೆಗೆಯಲು ಯಾರೂ ಹೋಗುವುದಿಲ್ಲ. ಮತದಾರನ ದೌರ್ಬಲ್ಯವೇ ದಾನಿಯದೂ ಆಗಿದೆ.

ಮನೆಯ ಮಟ್ಟದಲ್ಲಿಯೂ ನಾವು ಹಾಗೆಯೇ ಇದ್ದೇವೆ. 2023ರ ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತ ಚೆನ್ನೈ ಕರಾವಳಿಯ ಬಳಿ ನಿಧಾನವಾಗಿ ಸಾಗಿತು. ಅದು ನೆಲ ಮುಟ್ಟಿದ್ದು 5ರಂದು, ಆಂಧ್ರದ ಬಾಪಟ್ಲದ ಹತ್ತಿರ; ಮಳೆಯನ್ನು ಸುರಿದದ್ದು ಚೆನ್ನೈಯ ಮೇಲೆ. ಸಮುದ್ರವೇ ಉಬ್ಬಿ ನಿಂತಿದ್ದರಿಂದ ನಗರದ ನೀರು ಹೊರಗೆ ಹರಿಯಲು ಒದ್ದಾಡಿತು. ಅಲ್ಲಿ ಕಾಗದದ ವ್ಯಾಪಾರ ಮಾಡುವ ನಮ್ಮ ಭಾವನವರ ಗೋದಾಮಿನಲ್ಲಿ ಎದೆಮಟ್ಟದ ನೀರು. ವಿಮೆಯಿದೆ ಎಂದು ಧೈರ್ಯವಾಗಿದ್ದರು. ವಿಮೆ ಇದ್ದದ್ದೇನೋ ನಿಜ. ಆದರೆ ಪ್ರೀಮಿಯಮ್ ಉಳಿಸಲೆಂದು ಎಂಬತ್ತು ಲಕ್ಷದ ಸರಕಿಗೆ ನಲವತ್ತು ಲಕ್ಷದ ಮೊತ್ತ ಬರೆಸಿದ್ದರು. ನೆನೆದು ಹಾಳಾದದ್ದು ಇಪ್ಪತ್ತು ಲಕ್ಷದ ಸರಕು. ನಲವತ್ತರೊಳಗೇ ಇದೆಯಲ್ಲ, ಪೂರ್ತಿ ಬರುತ್ತದೆಂದು ಅವರ ಲೆಕ್ಕ. ಕೈಗೆ ಬಂದದ್ದು ಹತ್ತು ಲಕ್ಷಕ್ಕೂ ಕಡಿಮೆ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದವನು ಪ್ರತಿಯೊಂದು ನಷ್ಟದಲ್ಲಿಯೂ ಅರ್ಧವನ್ನು ತಾನೇ ಹೊರಬೇಕೆಂಬುದು ಪಾಲಿಸಿಯ ಷರತ್ತು. ಆಮೇಲೆ ಸ್ವಲ್ಪ ಕಡಿತವೂ ಇರುತ್ತದೆ. ವಿಮಾ ಸಂಸ್ಥೆಯನ್ನು ಬೈದರು. ನಾನು ಪಾಲಿಸಿಯ ಆ ಸಾಲನ್ನು ಓದಿ ತೋರಿಸಿದಾಗ ಬಹಳ ಹೊತ್ತು ಮಾತಾಡಲಿಲ್ಲ.

ವೃತ್ತಿಯ ಋಣವೆಂದು ಕೆಲವು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. 2021ರ ಏಪ್ರಿಲಿನಿಂದ ಮನೆಗಳಿಗೆ ಭಾರತ್ ಗೃಹ ರಕ್ಷಾ, ಐದು ಕೋಟಿಯವರೆಗಿನ ಚಿಕ್ಕ ವ್ಯವಹಾರಗಳಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಗಳು ಬಂದಿವೆ. ಚಂಡಮಾರುತ ಮತ್ತು ನೆರೆ ಇವುಗಳಲ್ಲಿ ಸೇರಿವೆ. ಎರಡನೆಯದರಲ್ಲಿ ಮೊತ್ತದ ಕೊರತೆ ಶೇಕಡಾ 15ರೊಳಗಿದ್ದರೆ ಅದನ್ನು ಮನ್ನಾ ಮಾಡುತ್ತಾರೆ, ಭಾವನವರಂತೆ ಶೇಕಡಾ 50 ಆದರೆ ಇಲ್ಲ. ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಿ ಎಂಜಿನ್ ಕೆಟ್ಟರೆ ಸಾಮಾನ್ಯ ಮೋಟಾರು ವಿಮೆ ಅದಕ್ಕೆ ಹಣ ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಎಂಜಿನ್ ರಕ್ಷಣೆ ಬೇಕು. ಅದೂ ಇಲ್ಲದಿದ್ದರೆ ಕಾರನ್ನು ಮುಟ್ಟದೆ ಎಳೆಸಿಕೊಂಡು ಹೋಗುವುದೇ ಲೇಸು. ಗೋದಾಮಿನ ನೆಲದಿಂದ ಎರಡಡಿ ಎತ್ತರಕ್ಕೆ ಕಟ್ಟೆ ಹಾಕಿಸಲು ಯಾವ ವಿಮೆಯೂ ಬೇಡ.

ನಮ್ಮ ದತ್ತಿಸಂಸ್ಥೆಗೆ ಹಿಂತಿರುಗುತ್ತೇನೆ. ಆ ಎರಡು ವೋಚರುಗಳನ್ನು ಒಂದರ ಪಕ್ಕ ಒಂದಿಟ್ಟು ನಾನು ಕಾರ್ಯಕಾರಿ ಸಮಿತಿಗೆ ಒಂದು ಟಿಪ್ಪಣಿ ಬರೆದೆ. ಪ್ರತಿ ವರ್ಷ ಪರಿಹಾರಕ್ಕೆಂದು ತೆಗೆದಿಡುವ ಹಣದಲ್ಲಿ ಕಾಲುಭಾಗವನ್ನು ಗಾಳಿ ಬರುವ ಮೊದಲು ಖರ್ಚು ಮಾಡತಕ್ಕದ್ದು. ಮೊದಲ ಕೆಲಸವಾಗಿ ಆ ಹಳ್ಳಿಯ ಶಾಲೆಯ ಛಾವಣಿಯನ್ನು ಪಟ್ಟಿ ಮತ್ತು ಬೋಲ್ಟುಗಳಿಂದ ಭದ್ರಪಡಿಸತಕ್ಕದ್ದು. ಊರಿನ ದನಗಳಿಗೆ ಎತ್ತರದ ಜಾಗವೊಂದನ್ನು ಪಂಚಾಯತಿಯೊಡನೆ ಸೇರಿ ಗುರುತಿಸತಕ್ಕದ್ದು. ಸ್ಥಳೀಯ ಗುತ್ತಿಗೆದಾರನಿಂದ ದರಪಟ್ಟಿ ತರಿಸಿ ಲಗತ್ತಿಸಿದ್ದೆ. ಛಾವಣಿಯ ಕೆಲಸದ ಮೊತ್ತ ಎರಡು ಸಲದ ತಾಡಪತ್ರಿಯ ಬಿಲ್ಲಿಗಿಂತ ಕಡಿಮೆಯಿತ್ತು. ಇದನ್ನು ಓದಿದ ಕೂಡಲೇ ಎಲ್ಲರೂ ಒಪ್ಪುವರೆಂಬ ಮೂಢನಂಬಿಕೆ ನನ್ನಲ್ಲಿತ್ತು. ಅಂಕಿಗಳನ್ನೇ ನೆಚ್ಚಿ ಬದುಕುವವರಿಗೆ ಇರುವ ನಂಬಿಕೆ ಅದು.

ಸಭೆಯಲ್ಲಿ ಬೆಳಗಾವಿಯ ಕಡೆಯ ಹಿರಿಯ ಟ್ರಸ್ಟಿಯೊಬ್ಬರು ಕನ್ನಡಕ ತೆಗೆದು ಕೇಳಿದರು: "ತಮ್ಮಾ, ಬಾರದ ಗಾಳಿಗಿ ಈಗ ರೊಕ್ಕ ಯಾಕ ಹಾಕೂದು? ಬಂದ ಮ್ಯಾಲ ಕೊಡೂಣಂತ, ಆವಾಗ ಮಂದೀನೂ ಕೈಬಿಚ್ಚಿ ಕೊಡ್ತಾರ." ಅವರ ಮಾತಿನಲ್ಲಿ ಅನುಭವವಿತ್ತು. ಗಾಳಿ ಬಂದ ವಾರ ನಮ್ಮ ವಾಟ್ಸಾಪ್ ಬಳಗದಲ್ಲಿ ಒಂದು ಸಂಜೆಯಲ್ಲಿ ಕೂಡುವ ಹಣ, ಬೇಸಗೆಯ ಶಾಂತ ದಿನಗಳಲ್ಲಿ ಆರು ತಿಂಗಳು ಬೇಡಿದರೂ ಕೂಡುವುದಿಲ್ಲ. ಇನ್ನೊಬ್ಬರು, ಸರ್ಕಾರದ ಶಾಲೆಯ ಛಾವಣಿ ಸರ್ಕಾರದ ಹೊಣೆ, ನಾವು ಮಾಡಿಕೊಟ್ಟರೆ ಅವರು ಇನ್ನಷ್ಟು ಮೈಮರೆಯುತ್ತಾರೆ ಎಂದರು. ಇದಕ್ಕೆ ನನ್ನ ಬಳಿ ಈಗಲೂ ಪೂರ್ತಿಯಾದ ಉತ್ತರವಿಲ್ಲ. ವಿಶ್ವಬ್ಯಾಂಕಿನ ನೆರವಿನ ರಾಷ್ಟ್ರೀಯ ಚಂಡಮಾರುತ ಅಪಾಯ ಉಪಶಮನ ಯೋಜನೆ ಮೊದಲು ಒಡಿಶಾ ಮತ್ತು ಆಂಧ್ರದಲ್ಲಿ, ಎರಡನೆಯ ಹಂತದಲ್ಲಿ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ, ಗುಜರಾತ್, ಪಶ್ಚಿಮ ಬಂಗಾಳಗಳಿಗೂ ಬಂದಿದೆ. ಆಶ್ರಯಕಟ್ಟಡ, ನೆಲದಡಿಯ ವಿದ್ಯುತ್ ತಂತಿಯಂಥ ದೊಡ್ಡ ಕೆಲಸಗಳು ಅದರವು, ಆಗಲೇಬೇಕಾದವು. ಒಂದು ಶಾಲೆಯ ಬೋಲ್ಟಿಗೆ ಅದರ ಕೈ ತಲುಪುವವರೆಗೆ ಆ ಮಕ್ಕಳು ಎಲ್ಲಿ ಕುಳಿತಿರಬೇಕು ಎಂದಷ್ಟೇ ನಾನು ಕೇಳಿದೆ. ನಡಾವಳಿಯಲ್ಲಿ "ವಿಷಯವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಯಿತು" ಎಂದು ಬರೆಯಲಾಯಿತು. ಮುಂದಿನ ಸಭೆಯಲ್ಲಿಯೂ ಹಾಗೆಯೇ.

ಮಿಚಾಂಗಿನ ನಂತರ ಒಂದು ದಿನ ಆ ಹಿರಿಯರೇ ದೂರವಾಣಿ ಮಾಡಿದರು. ಚೆನ್ನೈಯಲ್ಲಿರುವ ಮಗಳ ಮನೆಯ ನೆಲಮಹಡಿಗೆ ನೀರು ನುಗ್ಗಿ, ಅವರೆಲ್ಲ ಎರಡು ರಾತ್ರಿ ಮೇಲಿನ ಅಪರಿಚಿತರ ಮನೆಯಲ್ಲಿ ಕಳೆದಿದ್ದರಂತೆ. ಅದನ್ನು ಹೇಳಿ ಸ್ವಲ್ಪ ಸುಮ್ಮನಿದ್ದು, ದನಗಳಿಗೆ ದಿಬ್ಬ ಮಾಡಿಸುವುದಕ್ಕೆ ಎಷ್ಟಾಗುತ್ತದೆಂದು ಕೇಳಿದರು. ಹೇಳಿದೆ. ಹನ್ನೊಂದು ಸಾವಿರ ರೂಪಾಯಿಯ ಚೆಕ್ಕು ಕಳುಹಿಸಿದರು, ಹೆಸರು ಹಾಕಬೇಡವೆಂದರು. ಸಮಿತಿ ಇನ್ನೂ ಠರಾವು ಮಾಡಿಲ್ಲವಾದ್ದರಿಂದ ಅದನ್ನು ಯಾವ ಶೀರ್ಷಿಕೆಯಲ್ಲಿ ಜಮೆ ಮಾಡುವುದೆಂದು ಗುಮಾಸ್ತರು ಕೇಳಿದಾಗ "ಅಭಯದಾನ" ಎಂದು ಹೊಸ ಖಾತೆ ತೆರೆಯಲು ಹೇಳಿದೆ. ಈ ಲೇಖನ ಬರೆಯುವಾಗ ಆ ಖಾತೆಯಲ್ಲಿ ಇರುವುದು ಆ ಒಂದೇ ರಶೀದಿ. ಛಾವಣಿಯ ದರಪಟ್ಟಿ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಒಂಬತ್ತನೆಯ ವಿಷಯವಾಗಿದೆ.